ಹನ್ನೆರಡನೆಯ ಬುಟ್ಟಿ

ನಾನು ದಿವಾಳಿಯಾಗಿಲ್ಲ. ಈ ಮಾತನ್ನು ಮೊದಲಲ್ಲೇ ಹೇಳಿಬಿಡುವುದು ಒಳ್ಳೆಯದು. ಹೋದ ಡಿಸೆಂಬರಿನಲ್ಲಿ ಇದನ್ನು ನಡುವೆ ಹೇಳಲು ಹೋಗಿ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ನನ್ನ ಕೆಲಸ ಬಸ್ ಡಿಪೋದಲ್ಲಿ. ಜನ ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಂದು ಸಲ ಬಾಯಿಂದ ತೆಗೆದಿಟ್ಟ ಹಲ್ಲಿನ ಸೆಟ್ಟು, ಎಲ್ಲವೂ ನನ್ನ ಮುಂದೆ ಬರುತ್ತವೆ. ಒಂದೊಂದಕ್ಕೂ ಚೀಟಿ ಕಟ್ಟಿ, ಗುರುತು ಹಿಡಿದು, ಅದರ ಯಜಮಾನರನ್ನು ಪತ್ತೆ ಮಾಡಿ ಒಪ್ಪಿಸುತ್ತೇನೆ. ಛತ್ರಿಯ ಹಿಡಿ ನೋಡಿದರೆ ಸಾಕು, ಹಿಡಿದವರು ಎಡಗೈಯವರೋ ಬಲಗೈಯವರೋ ಹೇಳಬಲ್ಲೆ. ಸಂಬಳ ಒಂದನೇ ತಾರೀಖಿಗೆ ತಪ್ಪದೆ ಬರುತ್ತದೆ.

ಇಂಥ ನನಗೆ ಗ್ರಹಚಾರ ಬಂದದ್ದು ಒಂದು ಜಿಂಕೆಯಿಂದ. ಎದುರುಮನೆಯ ಇನ್ಶೂರೆನ್ಸ್ ಏಜೆಂಟರಿಗೂ ನನಗೂ ಪ್ರತಿ ಕ್ರಿಸ್ಮಸ್ಸಿಗೆ ಒಂದು ಮೌನ ಯುದ್ಧ ನಡೆಯುತ್ತಿತ್ತು. ಅವರು ಒಂದು ನಕ್ಷತ್ರ ತೂಗಿದರೆ ನಾನು ಎರಡು. ಅವರು ಬಾಗಿಲಿಗೆ ದೀಪದ ಸರ ಹಾಕಿದರೆ ನಾನು ನೀರಿನ ಟ್ಯಾಂಕಿಗೂ ಹಾಕಿದೆ. ಆಚೆ ವರ್ಷ ಆಳೆತ್ತರದ ದೀಪದ ಜಿಂಕೆಯೊಂದನ್ನು ತಂದು ತಾರಸಿಯ ಮೇಲೆ ನಿಲ್ಲಿಸಿದೆ. ಸ್ವಿಚ್ ಒತ್ತಿದ ತಕ್ಷಣ ಅದು ಎರಡು ಸಲ ತಲೆಯಾಡಿಸಿತು. ಮೂರನೆಯ ಸಲಕ್ಕೆ ಇಡೀ ಬೀದಿಯ ಕರೆಂಟು ಹೋಯಿತು. ಆಗಷ್ಟೇ ಹಾಡುತ್ತಾ ಬೀದಿಗೆ ಕಾಲಿಟ್ಟಿದ್ದ ಚರ್ಚಿನ ಗಾಯಕರಲ್ಲಿ ಮುಂದಿನ ಮೂವರು ಚರಂಡಿಗಿಳಿದು ಅಲ್ಲಿಂದಲೇ ಹಾಡು ಮುಗಿಸಿದರು.

ಆದ್ದರಿಂದ ಹೋದ ವರ್ಷ ಪಾಸ್ಟರ್, "ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಹೆಸರು ಹೇಳಿ ನಾವು ಅಂಗಡಿಯನ್ನೇ ಮನೆಗೆ ಹೊತ್ತು ತರ್ತೀವಲ್ಲ, ಅವನಿಗೆ ಮಲಗೋಕೆ ಜಾಗ ಎಲ್ಲಿ ಉಳೀತು?" ಎಂದು ಬೋಧಿಸಿದಾಗ ಅದು ನನ್ನ ಎದೆಗೇ ನಾಟಿತು. ಈ ಸಲ ಸರಳ ಕ್ರಿಸ್ಮಸ್ ಎಂದು ತೀರ್ಮಾನಿಸಿದೆ. ಸುಳ್ಳೇಕೆ ಹೇಳಲಿ, ತೀರ್ಮಾನದಲ್ಲಿ ಅರ್ಧ ಭಕ್ತಿ. ಇನ್ನರ್ಧ, ದೀಪದಲ್ಲಿ ಸೋಲಿಸಲಾಗದ ಏಜೆಂಟರನ್ನು ಸರಳತೆಯಲ್ಲಾದರೂ ಸೋಲಿಸಬಹುದು ಎಂಬ ಆಸೆ. ಸರಳತೆಯಿಂದ ಗೆಲ್ಲಬೇಕಾದರೆ ಅದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಅದಕ್ಕಾಗಿ ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಘೋಷಣೆ ಮಾಡುವುದೆಂದು ಸ್ನಾನದ ಮನೆಯಲ್ಲಿ ವಾರವಿಡೀ ಅಭ್ಯಾಸ ಮಾಡಿದೆ.

ಭಾನುವಾರ ಬಂತು. ಜೊತೆಗೆ ನೆಗಡಿಯೂ ಬಂತು. ಪ್ರಕಟಣೆಗಳ ಹೊತ್ತಿಗೆ ನಾನು ಎದ್ದು ನಿಂತೆ.

"ಈ ವರ್ಷ ನಮ್ಮ ಮನೇಲಿ ನಕ್ಷತ್ರ ಇರೋದಿಲ್ಲ," ಎಂದೆ. ಎಲ್ಲರೂ ತಿರುಗಿ ನೋಡಿದರು. ಎಲ್ಲರಿಗಿಂತ ಮೊದಲು ಏಜೆಂಟರ ಕತ್ತು ತಿರುಗಿತು. "ದೀಪ ಇರೋದಿಲ್ಲ. ಹೊಸ ಬಟ್ಟೆ ಇರೋದಿಲ್ಲ. ಕೇಕ್ ಕೂಡ ಇರೋದಿಲ್ಲ. ನಮಗೆ ಉಳಿದಿರೋದು ದೇವರೊಬ್ಬನೇ."

ಇದಾದ ಮೇಲೆ 'ಏಕೆಂದರೆ' ಎಂದು ಶುರುವಾಗುವ ಬಹಳ ಒಳ್ಳೆಯ ಭಾಗವೊಂದಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ಒಂದು ಸೀನು ಮೂಗಿನವರೆಗೆ ಬಂದು ನಿಂತುಬಿಟ್ಟಿತು. ಆಚೆಗೂ ಬರಲೊಲ್ಲದು, ಒಳಗೂ ಹೋಗಲೊಲ್ಲದು. ಗಂಟಲು ಕಟ್ಟಿತು. ಕಣ್ಣಲ್ಲಿ ಧಾರಾಕಾರ ನೀರು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟೆ.

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. "ಕಷ್ಟದಲ್ಲಿರೋ ನಮ್ಮ ಸಹೋದರನಿಗಾಗಿ ಪ್ರಾರ್ಥಿಸೋಣ," ಎಂದರು ಪಾಸ್ಟರ್. ನೆಗಡಿಯೂ ಒಂದು ಕಷ್ಟವೇ ಅಲ್ಲವೇ ಎಂದುಕೊಂಡೆ. ಆಮೆನ್ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ.

ಹೊರಗೆ ಬಂದಾಗ ಏಜೆಂಟರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಾಗೆ ಹಿಡಿಯುವುದನ್ನು ಅವರು ಸತ್ತವರ ಮನೆಯಲ್ಲಿ ಮಾತ್ರ ಮಾಡುತ್ತಾರೆ.

"ಎಷ್ಟು ದಿನದಿಂದ ಇದು?"

"ಒಂದು ವಾರದಿಂದ ತಲೇಲಿ ಕೊರೀತಾ ಇತ್ತು."

"ಮನೆಯವರಿಗೆ ಗೊತ್ತಾ?"

"ನಿನ್ನೆ ಹೇಳ್ದೆ. ಮೊದಲು ಬೈದಳು. ಆಮೇಲೆ, ಒಳ್ಳೇದೇ ಆಯ್ತು ಬಿಡಿ ಅಂದಳು."

"ದೇವತೆ ಕಣ್ರೀ ಆಕೆ!" ಏಜೆಂಟರ ದನಿ ನಡುಗಿತು. "ಈ ಸಲ ಬುಟ್ಟಿ ಕಟ್ಟೋಕೆ ನೀವು ಬರಲೇಬೇಡಿ. ನಾವು ನೋಡ್ಕೋತೀವಿ. ನೀವು ಧೈರ್ಯವಾಗಿರಿ, ಅಷ್ಟು ಸಾಕು."

ಬುಟ್ಟಿಯ ವಿಷಯ ಇಲ್ಲಿ ಹೇಳಬೇಕು. ನಮ್ಮ ಚರ್ಚಿನಲ್ಲಿ ಪ್ರತಿ ಕ್ರಿಸ್ಮಸ್ಸಿಗೆ ತೀರಾ ಕಷ್ಟದಲ್ಲಿರುವ ಹನ್ನೆರಡು ಮನೆಗಳಿಗೆ ಹನ್ನೆರಡು ಬೆತ್ತದ ಬುಟ್ಟಿ ಹೋಗುತ್ತದೆ. ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೂಲೆಯಲ್ಲಿ ನಂಬರು. ಬೆಳಗ್ಗೆ ಬಾಗಿಲ ಮುಂದೆ ಇಟ್ಟು ಹೋಗುತ್ತಾರೆ, ಹಬ್ಬ ಮುಗಿದ ಮೇಲೆ ಖಾಲಿ ಬುಟ್ಟಿ ಚರ್ಚಿನ ಹಿಂಬಾಗಿಲಿಗೆ ವಾಪಸ್ ಬರುತ್ತದೆ. ಯಾರ ಮನೆಗೆ ಯಾವ ಬುಟ್ಟಿ ಎಂಬುದು ಪಾಸ್ಟರಿಗೂ ಏಜೆಂಟರಿಗೂ ಮಾತ್ರ ಗೊತ್ತು. ಒಂಬತ್ತು ವರ್ಷದಿಂದ ಕಟ್ಟುವ ಕೆಲಸ ನನ್ನದು. ಅದಕ್ಕೆ ನಿಯಮಗಳನ್ನು ಬರೆದವನೂ ನಾನೇ. ನನ್ನ ದುಂಡಗಿನ ಅಕ್ಷರದ ಆ ಕಾಗದಕ್ಕೆ ಚೌಕಟ್ಟು ಹಾಕಿ ಚರ್ಚಿನ ಹಿಂದಿನ ಕೋಣೆಯಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು.

ಸೋಮವಾರ ಡಿಪೋಗೆ ಹೋದರೆ ನನ್ನ ಕೌಂಟರಿನೊಳಗೆ ಮ್ಯಾನೇಜರು ಮಂಡಿಯೂರಿ ಕೂತಿದ್ದರು. ಛತ್ರಿ ಎಣಿಸುತ್ತಿದ್ದರು.

"ತಪ್ಪು ತಿಳ್ಕೋಬೇಡಿ," ಎಂದರು. "ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಆದರೆ ಕಷ್ಟ ಅನ್ನೋದು ಎಂಥವರ ಕೈಯನ್ನೂ ಎಳೆಯುತ್ತೆ ನೋಡಿ."

"ಯಾವ ಕಷ್ಟ ಸಾರ್?"

"ಛೆ ಛೆ, ನಾನೇನೂ ಕೇಳಲ್ಲ." ಅವರು ಇನ್ನೊಮ್ಮೆ ಎಣಿಸಿದರು. ಅವರ ಹಣೆಯಲ್ಲಿ ಬೆವರು ಮೂಡಿತು. "ಪುಸ್ತಕದಲ್ಲಿ ಮೂವತ್ತೊಂದು ಛತ್ರಿ. ಇಲ್ಲಿ ಮೂವತ್ತೆರಡು. ಒಂದು ಜಾಸ್ತಿ ಇದೆಯಲ್ರೀ! ಕಮ್ಮಿ ಇದ್ರೆ ಏನು ಬರೀಬೇಕು ಅಂತ ನನಗೆ ಗೊತ್ತು. ಜಾಸ್ತಿ ಇದ್ರೆ ಏನಂತ ಬರೀಲಿ?"

"ಅದು ನನ್ನದೇ ಛತ್ರಿ ಸಾರ್. ಶನಿವಾರ ಮರೆತು ಹೋಗಿದ್ದೆ."

ಮ್ಯಾನೇಜರ್ ಕನ್ನಡಕ ತೆಗೆದರು. "ನೋಡಿ, ಕಷ್ಟದಲ್ಲೂ ಸ್ವಂತ ಛತ್ರಿಯನ್ನ ಇಲಾಖೆಗೆ ಒಪ್ಪಿಸ್ತಾ ಇದ್ದೀರಿ," ಎಂದು ಕನ್ನಡಕ ಒರೆಸಿಕೊಂಡು ಹೋದರು. ಛತ್ರಿಗೆ ಚೀಟಿ ಕಟ್ಟಿ ಒಯ್ದರು. ಆ ದಿನ ನಾನು ಅಕಾಲದ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದೆ. ನೆಗಡಿ ಹೆಚ್ಚಾಯಿತು, ಕಣ್ಣು ಇನ್ನಷ್ಟು ಕೆಂಪಾಯಿತು, ಬೀದಿಯವರ ಅನುಮಾನ ಖಾತ್ರಿಯಾಯಿತು.

ಆಮೇಲೆ ಶುರುವಾಯಿತು ನೋಡಿ. ಪಕ್ಕದ ಮನೆಯಿಂದ ಕೇಕ್ ಬಂತು. ಹಿಂದಿನ ಮನೆಯಿಂದ ಅದಕ್ಕಿಂತ ದೊಡ್ಡ ಕೇಕ್ ಬಂತು. ಡ್ರೈವರುಗಳು ಸೇರಿ ನನಗೊಂದು ಕೋಟು ಹೊಲಿಸಿಕೊಟ್ಟರು. ಅಳತೆ ಯಾರದೋ, ನನಗೆ ಮೊಣಕಾಲು ಮುಟ್ಟುತ್ತಿತ್ತು. ಏಜೆಂಟರು ಬೆಳಬೆಳಗ್ಗೆ ಏಣಿ ಹಾಕಿ, ತಮ್ಮ ಮನೆಯ ನಕ್ಷತ್ರಗಳನ್ನೆಲ್ಲ ಕಿತ್ತು ನಮ್ಮ ಮನೆಗೆ ಕಟ್ಟಿಬಿಟ್ಟರು. ಬೇಡವೆಂದು ಏಣಿಯ ಬುಡದಲ್ಲಿ ನಿಂತು ಕೂಗಿದರೆ, "ನಿಮ್ಮ ಕತ್ತಲೇಲಿ ನನ್ನ ಮನೆ ಬೆಳಗೋದು ನನಗೆ ಬೇಕಾಗಿಲ್ಲ," ಎಂದು ಮೇಲಿನಿಂದಲೇ ಹೇಳಿದರು. ಸರಳತೆಯಲ್ಲೂ ಅವರೇ ಗೆದ್ದರು! ಅವರ ಮನೆ ಕೊಟ್ಟಿಗೆಯ ಹಾಗೆ ಶಾಂತವಾಗಿತ್ತು, ನಮ್ಮದು ಸಿನಿಮಾ ಟಾಕೀಸಿನ ಹಾಗೆ ಝಗಮಗಿಸುತ್ತಿತ್ತು. ನನಗೆ ಬಂದ ಕೋಪಕ್ಕೆ ಮೂರು ತುಂಡು ಕೇಕ್ ತಿಂದೆ.

"ಖರ್ಚು ಕಮ್ಮಿ ಆಗಿದ್ದಂತೂ ನಿಜ," ಎಂದಳು ಹೆಂಡತಿ. "ನಮ್ಮ ಖರ್ಚು ಅಷ್ಟೇ. ಊರಿನ ಖರ್ಚು ಹೆಚ್ಚಾಗಿದೆ."

ಹಬ್ಬದ ಹಿಂದಿನ ದಿನ ಬೆಳಗ್ಗೆ ಬಾಗಿಲು ತೆಗೆದೆ. ಹೊಸ್ತಿಲ ಮುಂದೆ ಬೆತ್ತದ ಬುಟ್ಟಿ ಇತ್ತು. ಬಿಳಿ ಬಟ್ಟೆ, ಮೂಲೆಯಲ್ಲಿ ಹನ್ನೆರಡು. ಕೇಕ್ ಬಂದರೆ ತಿನ್ನಬಹುದು, ನಕ್ಷತ್ರ ಬಂದರೆ ಸಹಿಸಬಹುದು. ಈ ಬುಟ್ಟಿಗಳು ಹನ್ನೆರಡೇ. ಒಂದು ನನ್ನ ಮನೆಗೆ ಬಂತೆಂದರೆ ಯಾರದೋ ಮನೆಗೆ ಹೋಗಲಿಲ್ಲ.

ಬುಟ್ಟಿ ಹೊತ್ತುಕೊಂಡು ಚರ್ಚಿಗೆ ಓಡಿದೆ. ಹಿಂದಿನ ಕೋಣೆಯಲ್ಲಿ ಪಾಸ್ಟರೂ ಏಜೆಂಟರೂ ಹಗ್ಗ ಸುತ್ತುತ್ತಿದ್ದರು.

"ನಾನು ದಿವಾಳಿಯಾಗಿಲ್ಲ!" ಎಂದೆ ಏದುಸಿರು ಬಿಡುತ್ತಾ. "ನನಗೆ ಕೆಲಸ ಇದೆ! ಸಂಬಳ ಇದೆ! ಇದು ನನಗೆ ಬೇಡ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಏಜೆಂಟರು ಗೋಡೆಯ ಚೌಕಟ್ಟಿನತ್ತ ಬೆರಳು ತೋರಿಸಿದರು. ನನ್ನದೇ ದುಂಡಗಿನ ಅಕ್ಷರ. ಏಳನೆಯ ನಿಯಮ: 'ಬೇಡ ಎನ್ನುವವರ ಮಾತನ್ನು ಗಣನೆಗೆ ತೆಗೆದುಕೊಳ್ಳಬಾರದು. ಮಾನವಂತರು ಹಾಗೆಯೇ ಹೇಳುತ್ತಾರೆ. ಎಷ್ಟು ಜೋರಾಗಿ ಹೇಳುತ್ತಾರೋ ಕಷ್ಟ ಅಷ್ಟು ದೊಡ್ಡದು ಎಂದು ತಿಳಿಯತಕ್ಕದ್ದು.'

"ನೀವು ಇವತ್ತು ಎಷ್ಟು ಜೋರಾಗಿ ಹೇಳಿದ್ರಿ ಅಂದ್ರೆ," ಎಂದರು ಪಾಸ್ಟರ್ ಮೆಲ್ಲಗೆ, "ನನಗೆ ಹೊಟ್ಟೇಲಿ ಸಂಕಟ ಆಯ್ತು."

ದನಿ ತಗ್ಗಿಸಿ ಕೇಳಿದೆ: "ಆಯ್ತು. ಹನ್ನೆರಡನೇ ಮನೆ ಯಾವುದಿತ್ತು? ಅದನ್ನಾದ್ರೂ ಹೇಳಿ. ಅವರ ಕ್ರಿಸ್ಮಸ್ ಗತಿ ಏನು?"

"ಒಂದು ಹೆಸರು ತೆಗೆದು ನಿಮ್ಮದು ಹಾಕಿದ್ವಿ. ಯಾರದು ಅಂತ ಮಾತ್ರ ಕೇಳಬೇಡಿ," ಎಂದರು ಏಜೆಂಟರು. "ನಾಲ್ಕನೇ ನಿಯಮ."

ನಾಲ್ಕನೆಯದನ್ನೂ ನಾನೇ ಬರೆದದ್ದು. ಇಷ್ಟು ಚೆನ್ನಾಗಿ ಬರೆಯಬಾರದಿತ್ತು.

ಮನೆಗೆ ಬಂದರೆ ಮಾವನವರು ಬಂದಿದ್ದರು. ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಟ್ರಂಕಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. "ಹನ್ನೊಂದು ಇಪ್ಪತ್ತರ ಗಾಡಿಗೆ ಮಗಳನ್ನ ಕರ್ಕೊಂಡು ಹೋಗ್ತೀನಿ. ನಿಮ್ಮ ಪರಿಸ್ಥಿತಿ ಸುಧಾರಿಸಿದ ಮೇಲೆ ಕಳಿಸ್ತೀನಿ, ಅಳಿಯಂದಿರೇ," ಎಂದರು.

"ಅಪ್ಪಾ, ಇವರಿಗೆ ಏನೂ ಆಗಿಲ್ಲ ಅಂತ ಹತ್ತು ಸಲ ಹೇಳ್ದೆ," ಎಂದಳು ಹೆಂಡತಿ.

"ಗಂಡನ ಮಾನ ಮುಚ್ಚೋದು ನಿನ್ನ ಧರ್ಮ. ಮುಚ್ಚು," ಎಂದು ಮಾವ ಅಪ್ಪಣೆ ಕೊಟ್ಟರು. ಅಷ್ಟರಲ್ಲಿ ಹಿಂದಿನ ಮನೆಯ ಕೇಕ್ ಅವರ ಕಣ್ಣಿಗೆ ಬಿತ್ತು. ಹನ್ನೊಂದು ಇಪ್ಪತ್ತರ ಗಾಡಿ ಅವರಿಲ್ಲದೆ ಹೋಯಿತು.

ನಾನು ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಡಿಪೋದಲ್ಲಿ ಕೂತ ಹಾಗೆಯೇ ಅದರ ಮುಂದೆ ಕೂತೆ. ಯಾರ ಸಾಮಾನು ಇದು? ಬೆತ್ತ ಹೊಸದಾಗಿ ಒರೆಸಿದ್ದು. ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಿಕೆಯ ಗೆರೆ ಗೆರೆ ಕೂಡಿಸಿದ್ದು. ನೆನಪಾಯಿತು, ಪ್ರತಿ ವರ್ಷ ಹನ್ನೆರಡನೆಯ ಬುಟ್ಟಿಯ ಬಟ್ಟೆ ಮಾತ್ರ ಹೀಗೆ ವಾಪಸ್ ಬರುತ್ತಿತ್ತು. ಬಟ್ಟೆಯನ್ನು ಕಿಟಕಿಗೆ ಹಿಡಿದೆ. ಅಂಚಿನಲ್ಲಿ ಹರಿದ ಕಡೆ ಹೊಲಿಗೆ ಇತ್ತು. ಎಷ್ಟು ಸಣ್ಣ ಹೊಲಿಗೆಯೆಂದರೆ ಬೆರಳಿಗೆ ಸಿಗುವುದಿಲ್ಲ, ಬೆಳಕಿಗೆ ಮಾತ್ರ ಕಾಣುತ್ತದೆ. ಈ ಹೊಲಿಗೆ ಒಂದು ಕಾಲದಲ್ಲಿ ನನ್ನ ಶಾಲೆಯ ಅಂಗಿಯ ತುಂಬಾ ಇತ್ತು.

ಹೊಲಿಗೆ ಟೀಚರ್! ನಮ್ಮ ಶಾಲೆಯಲ್ಲಿ ಹುಡುಗ ಹುಡುಗಿ ಎನ್ನದೆ ಎಲ್ಲರಿಗೂ ಸೂಜಿ ಹಿಡಿಸಿದವರು. ನನ್ನ ಅಂಗಿಗೆ ಯಾವತ್ತೂ ಒಂದು ಗುಂಡಿ ಕಮ್ಮಿ ಇರುತ್ತಿತ್ತೆಂದು ನನಗೆ 'ಬಟನ್' ಎಂದು ಹೆಸರಿಟ್ಟವರು. ಹತ್ತೊಂಬತ್ತು ವರ್ಷದಿಂದ ಊರಿನವರ ಛತ್ರಿಗಳಿಗೆ ಯಜಮಾನರನ್ನು ಹುಡುಕಿದ ನಾನು, ಒಂಬತ್ತು ವರ್ಷ ಈ ಬಟ್ಟೆಯನ್ನು ಕೈಯಲ್ಲಿ ಹಿಡಿದೂ ಯಾರದೆಂದು ಕೇಳಿಕೊಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಡ್ರೈವರುಗಳು ಕೊಟ್ಟ ಕೋಟು ಹಾಕಿಕೊಂಡು, ಬುಟ್ಟಿ ಎತ್ತಿಕೊಂಡು ಹೊರಟೆ.

ಟೀಚರ್ ಇದ್ದದ್ದು ಮುಚ್ಚಿದ ಸ್ಟೇಷನರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಒಂದು ಮಂಚ, ಒಂದು ಸ್ಟೌ, ಕಿಟಕಿಯ ಹತ್ತಿರ ಒಂದು ಕುರ್ಚಿ. ಹೊಲಿಗೆ ಮಿಷನ್ನು ಇರಬೇಕಾದ ಜಾಗದಲ್ಲಿ ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ತಟ್ಟೆಯಲ್ಲಿ ಅರ್ಧ ಬ್ರೆಡ್ಡು.

"ಬಾ ಬಟನ್," ಎಂದರು, ನಾನು ನಿನ್ನೆಯೂ ಬಂದಿದ್ದೆನೇನೋ ಎಂಬಂತೆ. "ಕೋಟು ಯಾರದು? ಸತ್ತವರದಾ?"

"ಟೀಚರ್, ಈ ಬುಟ್ಟಿ ನಿಮ್ಮದು."

"ನನ್ನದಾಗಿತ್ತು. ಈಗ ನಿನ್ನದು." ಅವರು ನೆಟ್ಟಗೆ ಕೂತರು. "ನೀನು ಚರ್ಚಲ್ಲಿ ಅತ್ತ ಮಾರನೇ ದಿನವೇ ನಾನು ಹೋಗಿ ಪಾಸ್ಟರಿಗೆ ಹೇಳ್ದೆ, ನನ್ನ ಹೆಸರು ಹೊಡೆದುಹಾಕಿ ಆ ಹುಡುಗನದು ಹಾಕಿ ಅಂತ. ನನಗೇನು, ಒಂದು ಹೊಟ್ಟೆ. ನೀನು ಸಂಸಾರಸ್ಥ."

ನಾನು ಬಿಟ್ಟದ್ದು ನಾಲ್ಕು ದೀಪ, ಒಂದು ಕೇಕು. ಅದಕ್ಕೆ ಇಡೀ ಸಭೆಯ ಮುಂದೆ ಎದ್ದು ನಿಂತೆ. ಇವರು ಬಿಟ್ಟದ್ದು ಹಬ್ಬದ ಊಟವನ್ನೇ, ಹೇಳಿದ್ದು ಒಬ್ಬರಿಗೆ.

"ಟೀಚರ್, ನಿಜ ಹೇಳಿಬಿಡ್ತೀನಿ. ನಾನು..." ಎಂದು ಶುರು ಮಾಡಿ ಅವರ ಮುಖ ನೋಡಿದೆ. ಆ ಮುಖದಲ್ಲಿದ್ದ ಸಂಭ್ರಮ ನನಗೆ ಪರಿಚಯದ್ದೇ. ಒಂಬತ್ತು ವರ್ಷ ಬುಟ್ಟಿ ಕಟ್ಟಿ ಮನೆಗೆ ಬಂದಾಗಲೆಲ್ಲ ಕನ್ನಡಿಯಲ್ಲಿ ನನ್ನ ಮುಖ ಹಾಗೆಯೇ ಇರುತ್ತಿತ್ತು. ಒಂಬತ್ತು ವರ್ಷ ತೆಗೆದುಕೊಂಡೇ ಕೂತಿದ್ದ ಟೀಚರಿಗೆ ಈ ವರ್ಷ ಕೊಡುವುದಕ್ಕೆ ಒಬ್ಬ ಸಿಕ್ಕಿದ್ದ. ಅವನನ್ನು ಈಗ ಕಿತ್ತುಕೊಳ್ಳುವುದೇ?

"ನೀನು ಏನು?" ಎಂದರು.

"ದಿವಾಳಿ, ಟೀಚರ್."

"ಎಷ್ಟು?"

"ಪೂರ್ತಿ."

ಟೀಚರ್ ತೃಪ್ತಿಯಿಂದ ತಲೆಯಾಡಿಸಿದರು. "ಮೂರನೇ ಕ್ಲಾಸಲ್ಲೇ ನನಗೆ ಅನುಮಾನ ಇತ್ತು. ಕಾಜಾ ಹೊಲಿಯೋಕೆ ತಾಳ್ಮೆ ಇಲ್ಲದವನು ಸಂಸಾರ ಹೇಗೆ ಮಾಡ್ತಾನೆ ಅಂತ."

"ಮನೇಲಿ ಎಲ್ಲರೂ ಕುಗ್ಗಿಹೋಗಿದ್ದಾರೆ," ಎಂದೆ. ಒಮ್ಮೆ ದಿವಾಳಿಯಾದ ಮೇಲೆ ಮಾತು ಸಲೀಸಾಗಿ ಬರುತ್ತಿತ್ತು. "ಹೆಂಡತಿ ಊಟಾನೇ ಮಾಡ್ತಿಲ್ಲ. ಮಾವ ಟ್ರಂಕು ತಂದು ಕೂತಿದ್ದಾರೆ. ನಾಳೆ ಮಧ್ಯಾಹ್ನ ಊಟಕ್ಕೆ ಬಂದು ಅವರಿಗೆ ನಾಲ್ಕು ಧೈರ್ಯದ ಮಾತು ಹೇಳ್ತೀರಾ?"

ಟೀಚರ್ ಕಿಟಕಿಯಾಚೆ ನೋಡಿದರು. "ಕಷ್ಟದ ಮನೆಗೆ ಊಟಕ್ಕೆ ಹೋಗೋದು ಹೇಗೋ?"

"ಊಟಕ್ಕಲ್ಲ ಟೀಚರ್. ಧೈರ್ಯ ಹೇಳೋಕೆ."

"ಅದಕ್ಕಾದ್ರೆ ಬರಬಹುದು," ಎಂದರು.

ಬುಟ್ಟಿಯನ್ನು ಹೊತ್ತುಕೊಂಡೇ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಜೀವಮಾನದಲ್ಲಿ ಮೊದಲ ಸಲ ಸರಿಯಾದ ಸುಳ್ಳು ಹೇಳಿದ್ದೀರಿ," ಎಂದಳು. ಆಮೇಲೆ ಸುತ್ತ ನೋಡಿ ಗಾಬರಿಯಾದಳು. ಮನೆಯಲ್ಲಿ ಐದು ಕೇಕು, ಎರಡು ಹುರಿದ ಕೋಳಿ, ಮುಂದುಗಡೆ ಹದಿನಾಲ್ಕು ನಕ್ಷತ್ರ. ದಿವಾಳಿಯ ಮನೆ ಎಂದು ಯಾರು ನಂಬಬೇಕು? ಮೂರು ಕೇಕನ್ನು ಮಂಚದ ಕೆಳಗೆ ತಳ್ಳಿದೆವು. ನಾಲ್ಕನೆಯದನ್ನು ಮಾವನವರ ಟ್ರಂಕಿನೊಳಗೆ ಇಟ್ಟೆವು. ಅದು ಮುಚ್ಚಿಡಲು ಸುರಕ್ಷಿತ ಜಾಗವಾಗಿರಲಿಲ್ಲ ಎಂಬುದು ಮರುದಿನ ಬೆಳಗ್ಗೆ ತಿಳಿಯಿತು.

ಕ್ರಿಸ್ಮಸ್ ದಿನ ಮಧ್ಯಾಹ್ನ ಟೀಚರ್ ಬಂದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಹೊಸ್ತಿಲಲ್ಲಿ ನಿಂತು ನಕ್ಷತ್ರಗಳನ್ನು ಒಂದೊಂದಾಗಿ ನೋಡಿದರು.

"ಇದೆಲ್ಲ?"

"ಎಲ್ಲ ಬೇರೆಯವರು ಕೊಟ್ಟದ್ದು ಟೀಚರ್. ನಮ್ಮದು ಅಂತ ಏನೂ ಇಲ್ಲ," ಎಂದಳು ಹೆಂಡತಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಾವನವರಿಗೆ ಧೈರ್ಯ ಹೇಳಲಾಯಿತು. "ಅಳಿಯ ಪೆದ್ದ, ಆದರೆ ಕಳ್ಳ ಅಲ್ಲ," ಎಂಬ ಟೀಚರ ಮಾತಿಗೆ ಮಾವ ಮನಸ್ಸಾರೆ ಒಪ್ಪಿದರು. ಆಮೇಲೆ ಟೀಚರ್ ನನ್ನ ಕೋಟು ನೋಡಿದರು. ಮೂರನೆಯ ಗುಂಡಿ ಇರಲಿಲ್ಲ. ತಗಡಿನ ಡಬ್ಬಿ ತೆರೆದು ಸೂಜಿ ದಾರ ತೆಗೆದು, ಊಟದ ಮೇಜಿನಲ್ಲೇ ನನ್ನ ಮೈಮೇಲೆಯೇ ಗುಂಡಿ ಹೊಲಿಯತೊಡಗಿದರು. "ಅಲ್ಲಾಡಬೇಡ ಬಟನ್. ಇದು ನಿನಗೆ ನನ್ನ ಕ್ರಿಸ್ಮಸ್ ಉಡುಗೊರೆ." ನಾನು ಉಸಿರು ಬಿಗಿಹಿಡಿದು ನಿಂತೆ. ಈ ಸಲ ಕಣ್ಣಲ್ಲಿ ನೀರು ಬಂದದ್ದು ನೆಗಡಿಯಿಂದಲ್ಲ.

ಹೊಲಿಯುತ್ತಲೇ ಊಟದ ಪ್ರಾರ್ಥನೆಯನ್ನೂ ಅವರೇ ಶುರು ಮಾಡಿದರು. "ದೇವರೇ, ಈ ಮನೆಯ ಯಜಮಾನನಿಗೆ ಆದಷ್ಟು ಬೇಗ ಒಂದು ಕೆಲಸ ಕೊಡು."

"ಆಮೆನ್," ಎಂದಿತು ಬಾಗಿಲಲ್ಲಿ ಒಂದು ದನಿ. ಡಿಪೋ ಮ್ಯಾನೇಜರು ನಿಂತಿದ್ದರು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಉದ್ದನೆಯ ವಸ್ತು. ಅದರ ಹಿಡಿ ಹೊರಗೆ ಕಾಣುತ್ತಿತ್ತು. ಬಲಗೈಯವನ ಛತ್ರಿ, ನನ್ನದೇ. "ಕೆಲಸ ಅಂದ್ರೆ, ಇವರಿಗೆ ನಮ್ಮಲ್ಲೇ..." ಎಂದು ಅವರು ಬಾಯಿ ತೆರೆದರು. ಹೆಂಡತಿ ಎರಡೇ ಹೆಜ್ಜೆಯಲ್ಲಿ ಹೋಗಿ ಆ ಬಾಯಿಗೆ ಒಂದು ತುಂಡು ಕೇಕ್ ಇಟ್ಟಳು.

ಊಟ ಸಂಜೆಯ ತನಕ ನಡೆಯಿತು. ಏಜೆಂಟರೂ ಬಂದರು, ತಮ್ಮ ಮನೆಯಲ್ಲಿ ಬೆಳಕಿಲ್ಲವೆಂದು. ಮಾವ ಟೀಚರಿಗೆ ರೈಲಿನ ಕಥೆ ಹೇಳಿದರು. ಟೀಚರ್ ಮಾವನ ಅಂಗಿಯ ಕಾಲರನ್ನೂ ತಿದ್ದಿ ಹೊಲಿದುಕೊಟ್ಟರು. ಇಷ್ಟು ಜನ, ಇಷ್ಟು ನಗು ನಮ್ಮ ಮನೆಯಲ್ಲಿ ಜಿಂಕೆಯಿದ್ದ ವರ್ಷವೂ ಇರಲಿಲ್ಲ.

ಹೊರಡುವಾಗ ಹೆಂಡತಿ ಬುಟ್ಟಿಯನ್ನು ತುಂಬಿ ಮುಂದಿಟ್ಟಳು. "ಟೀಚರ್, ನಮ್ಮಲ್ಲಿ ಇಡೋಕೆ ಜಾಗ ಇಲ್ಲ. ನಮಗಾಗಿ ನಿಮ್ಮ ಹತ್ತಿರ ಇಟ್ಕೊಳ್ತೀರಾ? ಕೆಟ್ಟುಹೋಗೋ ಮುಂಚೆ ಖರ್ಚು ಮಾಡಿದ್ರೆ ಉಪಕಾರ ಆಗುತ್ತೆ."

"ಉಪಕಾರ ಅಂದ ಮೇಲೆ ಇಲ್ಲ ಅನ್ನೋಕಾಗುತ್ತಾ?" ಎಂದು ಟೀಚರ್ ಬುಟ್ಟಿಯ ಬಟ್ಟೆಯ ಮಡಿಕೆ ಸರಿಮಾಡಿದರು. ಮೆಟ್ಟಿಲಿಳಿದು ತಿರುಗಿ ನಿಂತರು. "ಬಟನ್, ಮುಂದಿನ ವರ್ಷದ ಹೊತ್ತಿಗೆ ನಿನ್ನ ಸ್ಥಿತಿ ಸುಧಾರಿಸಲಿ. ಅಕಸ್ಮಾತ್ ಸುಧಾರಿಸದೇ ಇದ್ರೆ ಸಂಕೋಚ ಬೇಡ. ನಾನು ಬರ್ತೀನಿ."

"ಸುಧಾರಿಸೋ ಲಕ್ಷಣ ಕಾಣ್ತಿಲ್ಲ ಟೀಚರ್," ಎಂದೆ.

"ನೀವು ನಿಶ್ಚಿಂತೆಯಾಗಿರಿ ಟೀಚರ್," ಎಂದಳು ಹಿಂದಿನಿಂದ ನನ್ನ ಹೆಂಡತಿ. "ಸುಧಾರಿಸೋಕೆ ನಾನು ಬಿಡೋದಿಲ್ಲ."